ಮಗ ಹುಟ್ಟಿದರೆ ಅವನಿಗೂ ಇದು ಬರುತ್ತಾ?

ಗಂಡನಿಗೆ 34, ಹೆಂಡತಿಗೆ 30. ಮಲೆನಾಡಿನ ಕಡೆಯವರು, ಅಡಿಕೆ ತೋಟ ಇದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಮೊದಲ ನಾಲ್ಕು ವರ್ಷ ಪರೀಕ್ಷೆಯೆಲ್ಲ ಹೆಂಡತಿಗೇ. ಹಾರ್ಮೋನ್ ಟೆಸ್ಟ್, ಸ್ಕ್ಯಾನಿಂಗ್, ಟ್ಯೂಬ್ ಎಕ್ಸ್‌ರೇ, ಕೊನೆಗೆ ಲ್ಯಾಪರೊಸ್ಕೋಪಿ. ಎಲ್ಲ ನಾರ್ಮಲ್. ಈ ನಡುವೆ ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪಸಂಸ್ಕಾರವನ್ನೂ ಮಾಡಿಸಿದ್ದರು. ನೆಂಟರ ಮನೆಯ ಸೀಮಂತಕ್ಕೆ ಆಕೆಯನ್ನು ಕರೆಯುವುದು ನಿಂತುಹೋಗಿತ್ತು.

ಗಂಡನ ವೀರ್ಯ ಪರೀಕ್ಷೆ ಆಗಿದ್ದು ಐದನೇ ವರ್ಷದಲ್ಲಿ. ಅಷ್ಟು ಸುಲಭದ, ನೋವಿಲ್ಲದ, ಖರ್ಚು ಕಡಿಮೆಯ ಪರೀಕ್ಷೆ ಕೊನೆಗೆ ಬಂತು. ಇದು ನನಗೆ ಸಿಟ್ಟು ತರಿಸುವ ವಿಷಯ. ಮಕ್ಕಳಾಗದಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಪರೀಕ್ಷೆ ಶುರುವಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಂದು ಮಿಲಿಲೀಟರ್ ವೀರ್ಯಕ್ಕೆ 1 ಕೋಟಿ 60 ಲಕ್ಷ ವೀರ್ಯಾಣು ಕೆಳಗಿನ ಮಿತಿ. ಇವರಿಗಿದ್ದದ್ದು 10 ಲಕ್ಷಕ್ಕಿಂತ ಕಡಿಮೆ. ಒಂದು ವರ್ಷ ಮಾತ್ರೆ ನುಂಗಿದರು. ಆಮೇಲೆ ವೃಷಣದ ರಕ್ತನಾಳ ಉಬ್ಬಿದೆ, ಆಪರೇಷನ್ ಮಾಡೋಣ ಎಂಬ ಸಲಹೆ ಬಂತು. ಎರಡನೇ ಅಭಿಪ್ರಾಯಕ್ಕೆಂದು ಹೋದಾಗ ಆ ವೈದ್ಯರು ಮೊದಲು ಎರಡು ರಕ್ತ ಪರೀಕ್ಷೆ ಬರೆದುಕೊಟ್ಟರು: ಕ್ಯಾರಿಯೋಟೈಪ್ (ಕ್ರೋಮೋಸೋಮುಗಳ ಸಂಖ್ಯೆ, ರಚನೆ ನೋಡುವುದು) ಮತ್ತು ವೈ ಕ್ರೋಮೋಸೋಮ್ ಮೈಕ್ರೋಡಿಲೀಷನ್ (ವೈಯಲ್ಲಿ ಸಣ್ಣ ತುಣುಕು ಕಾಣೆಯಾಗಿದೆಯಾ ಎಂದು ನೋಡುವುದು). ಕೌಂಟ್ 50 ಲಕ್ಷಕ್ಕಿಂತ ಕೆಳಗಿದ್ದರೆ ಇವೆರಡನ್ನೂ ಮಾಡಿಸುವ ರೂಢಿಯಿದೆ. ಕ್ಯಾರಿಯೋಟೈಪ್ ಸರಿಯಿತ್ತು. ಎರಡನೆಯದರಲ್ಲಿ 'ಎಜೆಡ್‌ಎಫ್‌ಸಿ ಡಿಲೀಷನ್' ಎಂದು ಬಂತು, ಅಂದರೆ ವೈ ಕ್ರೋಮೋಸೋಮಿನ 'ಸಿ' ಎಂದು ಕರೆಯುವ ಜಾಗದ ತುಣುಕು ಇಲ್ಲ. ಆ ರಿಪೋರ್ಟ್ ಹಿಡಿದುಕೊಂಡು ಸಲಹೆಗೆಂದು ನನ್ನ ಬಳಿ ಬಂದರು.

"ಮೇಡಂ, ಹಾಗಾದ್ರೆ ನಾನು ಗಂಡಸಲ್ವಾ?" ಅವರ ಮೊದಲ ಪ್ರಶ್ನೆ ಇದು.

ಇದಕ್ಕೆ ನಿಧಾನವಾಗಿ ಉತ್ತರ ಕೊಟ್ಟೆ. ಭ್ರೂಣ ಗಂಡಾಗಲು ಬೇಕಾದ ಎಸ್‌ಆರ್‌ವೈ ಜೀನ್ ವೈ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿದೆ. ನಿಮ್ಮಲ್ಲಿ ಇಲ್ಲದಿರುವ ತುಣುಕು ಉದ್ದ ತೋಳಿನದು. ಅದರಲ್ಲಿರುವುದು ವೀರ್ಯಾಣು ತಯಾರಿಗೆ ಬೇಕಾದ ಡಾಜ್ ಎಂಬ ಜೀನಿನ ಪ್ರತಿಗಳು. ಗಡ್ಡ, ದನಿ, ಶಕ್ತಿ, ದಾಂಪತ್ಯದ ಸುಖ ಇವ್ಯಾವುದಕ್ಕೂ ಅದರ ಸಂಬಂಧವಿಲ್ಲ. ನಿಮ್ಮ ಟೆಸ್ಟೋಸ್ಟೆರಾನ್ ರಿಪೋರ್ಟ್ ನಾರ್ಮಲ್ ಇದೆ, ನೀವೇ ನೋಡಿ.

ಆಗ ತಲೆ ತಗ್ಗಿಸಿಕೊಂಡು ಇನ್ನೊಂದು ಕೇಳಿದರು. ಹುಡುಗನಾಗಿದ್ದಾಗಿನ ಹಸ್ತಮೈಥುನದ ಅಭ್ಯಾಸದಿಂದ ಹೀಗಾಯಿತಾ? ಇಷ್ಟು ವರ್ಷ ಆ ಪಾಪಭಾವ ಹೊತ್ತು ತಿರುಗಿದ್ದರು ಪಾಪ. ಖಂಡಿತ ಇಲ್ಲ ಎಂದೆ. ಇದು ಹುಟ್ಟುವಾಗಲೇ ಬಂದದ್ದು. ಬೇರೆ ಕ್ರೋಮೋಸೋಮುಗಳಿಗೆ ಜೋಡಿ ಇರುತ್ತದೆ. ವೈಗೆ ಹೆಚ್ಚು ಕಡಿಮೆ ಇಲ್ಲ. ಅದರಲ್ಲಿ ಒಂದೇ ಥರದ ಉದ್ದುದ್ದ ಭಾಗಗಳು ಮತ್ತೆ ಮತ್ತೆ ಬರುತ್ತವೆ. ತಂದೆಯ ದೇಹದಲ್ಲಿ ವೀರ್ಯಾಣು ತಯಾರಾಗುವಾಗ ಈ ಭಾಗಗಳು ತಪ್ಪಾಗಿ ಒಂದಕ್ಕೊಂದು ಕೂಡಿಕೊಂಡರೆ ನಡುವಿನ ತುಣುಕು ಬಿಟ್ಟುಹೋಗುತ್ತದೆ. ಸಾಮಾನ್ಯವಾಗಿ ಹೀಗಾಗುವುದು ಮಗನಲ್ಲೇ ಮೊದಲ ಸಲ. ಇವರ ತಂದೆಗೆ ನಾಲ್ಕು ಮಕ್ಕಳು, ತಮ್ಮನಿಗೂ ಮಗುವಿದೆ. ಹಾಗಾಗಿ ಅವರಿಗೆ ಪರೀಕ್ಷೆ ಬೇಕಿಲ್ಲ ಎಂದೆ.

ಇಂಥ ತುಣುಕು ಕಾಣೆಯಾಗುವುದನ್ನು ಮೊದಲು ಹೇಳಿದವರು ಇಟಲಿಯ ಟಿಯೆಪೋಲೊ ಮತ್ತು ಜುಫ಼ಾರ್ಡಿ, 1976ರಲ್ಲಿ. 1996ರಲ್ಲಿ ಆ ಜಾಗವನ್ನು ಎ, ಬಿ, ಸಿ ಎಂದು ಮೂರಾಗಿ ಗುರುತಿಸಿದರು. ಯಾವುದು ಹೋಗಿದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಎ ಅಥವಾ ಬಿ ಪೂರ್ತಿ ಹೋಗಿದ್ದರೆ ಆಪರೇಷನ್ ಮಾಡಿ ಹುಡುಕಿದರೂ ವೀರ್ಯಾಣು ಸಿಗುವುದಿಲ್ಲ ಎಂದೇ ಹೇಳಬೇಕು. ಸಿ ಹೋಗಿದ್ದರೆ ಆಸೆಗೆ ಜಾಗವಿದೆ. ಅದೇ ಹೆಚ್ಚು ಜನರಲ್ಲಿ ಕಾಣುವುದು ಕೂಡ.

ಸಲಹೆಯನ್ನು ನೇರವಾಗಿ ಹೇಳಿದೆ. ಹೋದ ಜೀನನ್ನು ಮರಳಿ ತರುವ ಮಾತ್ರೆ ಇಲ್ಲ, ಸುಮ್ನೆ ದುಡ್ಡು ಸುರಿಯಬೇಡಿ. ರಕ್ತನಾಳದ ಆಪರೇಷನ್‌ನಿಂದಲೂ ಈ ತೊಂದರೆ ಸರಿಹೋಗದು. ಇಕ್ಸಿ, ಅಂದರೆ ಲ್ಯಾಬಿನಲ್ಲಿ ವೀರ್ಯಾಣುವನ್ನು ನೇರವಾಗಿ ಅಂಡದೊಳಗೆ ಸೇರಿಸುವ ಚಿಕಿತ್ಸೆ ಮಾಡಿಸಬಹುದು, ಅದರಲ್ಲಿ ಒಂದು ಅಂಡಕ್ಕೆ ಒಂದೇ ವೀರ್ಯಾಣು ಸಾಕು. ಆದರೆ ಸಿ ಡಿಲೀಷನ್ ಇರುವ ಕೆಲವರಲ್ಲಿ ವಯಸ್ಸಾದ ಹಾಗೆ ಕೌಂಟ್ ಇನ್ನೂ ಇಳಿಯುತ್ತದೆ. ಅದಕ್ಕೇ ಮೊದಲು ಸ್ಯಾಂಪಲ್ ಕೊಟ್ಟು ಫ್ರೀಜ್ ಮಾಡಿಸಿ.

ಹೆಂಡತಿ ಅಲ್ಲಿಯವರೆಗೂ ಹೆಚ್ಚು ಮಾತಾಡಿರಲಿಲ್ಲ. "ಮಗ ಹುಟ್ಟಿದರೆ ಅವನಿಗೂ ಇದು ಬರುತ್ತಾ?" ಎಂದು ಆಕೆ ಕೇಳಿದರು. ಬರುತ್ತದೆ. ವೈ ಅಪ್ಪನಿಂದ ಮಗನಿಗೆ ಹಾಗೇ ಹೋಗುತ್ತದೆ. ಮಗಳಿಗೆ ಅಪ್ಪನ ವೈ ಹೋಗುವುದೇ ಇಲ್ಲ. ವೈ ಕಳೆದುಕೊಂಡ ವೀರ್ಯಾಣುವಿನಿಂದ ಟರ್ನರ್ ಸಿಂಡ್ರೋಮ್ (ಹೆಣ್ಣು ಮಗುವಿಗೆ ಒಂದೇ ಎಕ್ಸ್ ಕ್ರೋಮೋಸೋಮ್ ಇರುವ ತೊಂದರೆ) ಆಗುವ ಸಣ್ಣ ಸಾಧ್ಯತೆಯನ್ನೂ ತಿಳಿಸಿದೆ. ಹಾಗಾದರೆ ಹೆಣ್ಣು ಮಗುವನ್ನೇ ಆರಿಸಬಹುದಾ ಎಂಬ ಪ್ರಶ್ನೆ ಸಹಜವಾಗಿ ಬಂತು. ಮಗುವಿನ ಲಿಂಗ ಆರಿಸುವುದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ನಿಷೇಧವಿದೆ. ಆ ದಾರಿ ಇಲ್ಲ ಎಂದೆ.

ಈ ಪ್ರಶ್ನೆಯ ಮೇಲೇ ಜಾಸ್ತಿ ಹೊತ್ತು ಕೂತೆವು. ಮಗನಿಗೆ ಇದೊಂದು ಬಿಟ್ಟರೆ ಆರೋಗ್ಯದ ತೊಂದರೆ ಬರುವ ನಿರೀಕ್ಷೆಯಿಲ್ಲ. ಬಾಲ್ಯದಲ್ಲಿ ಅವನಿಗೆ ಪರೀಕ್ಷೆ ಮಾಡಿಸಬೇಡಿ, ಆಗ ಅದರಿಂದ ಉಪಯೋಗವಿಲ್ಲ. ಆದರೆ ಮುಚ್ಚಿಡಬೇಡಿ. ಹದಿನೆಂಟು ದಾಟಿದ ಮೇಲೆ ಅಪ್ಪನೇ ಕೂರಿಸಿಕೊಂಡು ಹೇಳಲಿ. ಆಗ ಅವನು ಬೇಗನೆ ವೀರ್ಯ ಪರೀಕ್ಷೆ ಮಾಡಿಸಿ ಸ್ಯಾಂಪಲ್ ಉಳಿಸಿಕೊಳ್ಳಬಹುದು. ಮದುವೆಯಾಗುವ ಹುಡುಗಿಗೆ ಮೊದಲೇ ಹೇಳಬಹುದು. ನಿಮಗೆ ಆ ಅವಕಾಶ ಸಿಗಲಿಲ್ಲ, ಅವನಿಗೆ ಸಿಗುತ್ತದೆ.

ಅತ್ತೆ ಬೇರೊಂದು ಉಪಾಯ ಹೇಳಿದ್ದರಂತೆ: ಮೈದುನನ ವೀರ್ಯ ತೆಗೆದುಕೊಳ್ಳುವುದು. 2021ರ ಎಆರ್‌ಟಿ (ಕೃತಕ ಗರ್ಭಧಾರಣೆಯ) ಕಾಯ್ದೆಯ ಪ್ರಕಾರ ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ಒಂದೇ ಮನೆಯಲ್ಲಿ ಬಾಳುವವರ ನಡುವೆ ಇಂಥ ಗುಟ್ಟು ಇರಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. ಬ್ಯಾಂಕಿನ ದಾನಿ ವೀರ್ಯ ಮತ್ತು ದತ್ತು, ಎರಡರ ಬಗ್ಗೆಯೂ ಹೇಳಿದೆ.

ಗಂಡನಿಗೆ ಒಂದು ಕೆಲಸ ಕೊಟ್ಟೆ. ಕಾರಣ ತನ್ನಲ್ಲಿದೆ ಎಂಬುದನ್ನು ಮನೆಯಲ್ಲಿ ಅವರ ಬಾಯಿಂದಲೇ ಹೇಳಬೇಕು. ಹೆಂಡತಿ ಹೇಳಿದರೆ ಅದು ದೂರಿದಂತಾಗುತ್ತದೆ. ಮುಂದಿನ ಭೇಟಿಗೆ ಬಂದಾಗ ಹೇಳಿ ಆಗಿತ್ತು. "ಅಮ್ಮ ಎರಡು ದಿನ ಮಾತಾಡಲಿಲ್ಲ, ಆಮೇಲೆ ಇವಳ ಹತ್ರ ಹೋಗಿ ಕೂತರು" ಎಂದರು.

ಸ್ಯಾಂಪಲ್ ಫ್ರೀಜ್ ಆಗಿದೆ. ಅಡಿಕೆ ಕೊಯ್ಲಿನ ದುಡ್ಡು ಕೈಗೆ ಬಂದ ಮೇಲೆ ಇಕ್ಸಿ ಶುರು ಮಾಡುತ್ತಾರೆ. ಎರಡು ಸಲ ನೋಡುವುದು, ಆಗದಿದ್ದರೆ ದತ್ತು ಪಡೆಯಲು ಅರ್ಜಿ ಹಾಕುವುದು ಎಂದು ಇಬ್ಬರೂ ಕೂತು ತೀರ್ಮಾನಿಸಿದ್ದಾರೆ.