ಸಂಪಾದಕರ ಉತ್ತರ: ಮಡಿಕೇರಿ ಕೋಟೆಯ ಯಾವ ವರ್ಷವನ್ನು ತೋರಿಸೋಣ?

ಗೋಣಿಕೊಪ್ಪಲಿನಿಂದ ಇತಿಹಾಸದ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದಾರೆ. ಅವರ ಕಾಲೇಜಿಗೆ ವಿಆರ್ ಕನ್ನಡಕಗಳು, ಅಂದರೆ ಹಾಕಿಕೊಂಡರೆ ಕಂಪ್ಯೂಟರಿನಲ್ಲಿ ಕಟ್ಟಿದ ಜಾಗದೊಳಗೇ ನಿಂತಂತೆ ಕಾಣಿಸುವ ಕನ್ನಡಕಗಳು, ಬರಲಿವೆಯಂತೆ. ರಾಜರ ಕಾಲದ ಮಡಿಕೇರಿ ಕೋಟೆಯನ್ನು ಪದವಿ ವಿದ್ಯಾರ್ಥಿಗಳಿಗೆ ಅದರಲ್ಲಿ ತೋರಿಸುವ ಯೋಚನೆ ನಡೆದಿದೆ. "ಇದು ಪಾಠವೋ, ಬರೀ ಮನರಂಜನೆಯೋ? ಸಿಲೆಬಸ್ ಮುಗಿಸುವ ಸಮಯ ಇದಕ್ಕೇ ಹೋದರೆ ನಷ್ಟ ಅಲ್ವಾ?" ಎಂದು ಕೇಳಿದ್ದಾರೆ.

ಪ್ರಿಯ ಮೇಷ್ಟ್ರೇ,

ನಿಮ್ಮ ಅನುಮಾನ ಸರಿಯಾದದ್ದೇ. ಆದರೂ ಕನ್ನಡಕ ಬೇಡ ಅನ್ನಬೇಡಿ. ಅದರೊಳಗಿನ ಕೋಟೆಯನ್ನು ಕಟ್ಟುವವರು ಯಾರು ಎಂದು ಮೊದಲು ಕೇಳಿ. ಬೇರೆಯವರು ಮಾಡಿಕೊಟ್ಟದ್ದನ್ನು ನೋಡಿದರೆ ಮಕ್ಕಳು "ಚೆನ್ನಾಗಿತ್ತು ಸರ್" ಅಂತಾರೆ, ಅಲ್ಲಿಗೆ ಮುಗಿಯಿತು. ತಾವೇ ಕಟ್ಟಲು ಕೂತರೆ ಮೊದಲ ದಿನವೇ ವಾದ ಶುರುವಾಗುತ್ತದೆ. ನನಗೆ ಬೇಕಾದದ್ದು ಆ ವಾದ.

ಯಾವ ವರ್ಷದ ಕೋಟೆ ಕಟ್ಟುವುದು? ಕೊಡಗಿನ ಅರಸ ಮುದ್ದುರಾಜ 1681ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಅದು ಮತ್ತೆ ಕೊಡಗಿನ ರಾಜರಿಗೆ, ದೊಡ್ಡವೀರರಾಜೇಂದ್ರನ ಕೈಗೆ, ಬಂತು. ಈಗಿರುವ ಅರಮನೆ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕಟ್ಟಿಸಿದ್ದು. ಇಂದು ವಸ್ತುಸಂಗ್ರಹಾಲಯವಾಗಿರುವ ಚರ್ಚು 1855ರದ್ದು. 1800ರ ಕೋಟೆ ಬೇಕೆಂದರೆ ಚರ್ಚನ್ನೂ ಅಳಿಸಬೇಕು, ಅರಮನೆಯನ್ನೂ ಅಳಿಸಬೇಕು. ಆ ಜಾಗದಲ್ಲಿ ಆಗ ಏನಿತ್ತು? ಯಾವ ದಾಖಲೆ ಹಾಗೆ ಹೇಳುತ್ತದೆ? ಆಧಾರ ಸಿಕ್ಕ ಗೋಡೆಗೆ ಒಂದು ಬಣ್ಣ, ಊಹೆಯ ಗೋಡೆಗೆ ಇನ್ನೊಂದು ಬಣ್ಣ ಹಾಕಲು ಹೇಳಿ. ಇಂಥ ಮಾದರಿಗಳಲ್ಲಿ ಪುರಾವೆ ಎಷ್ಟು, ಊಹೆ ಎಷ್ಟು ಎಂದು ತೋರಿಸಲೇಬೇಕು ಎಂಬುದು ಈ ಕ್ಷೇತ್ರದವರು ಒಪ್ಪಿದ 'ಲಂಡನ್ ಚಾರ್ಟರ್'ನ ಮುಖ್ಯ ಮಾತು. ಮಕ್ಕಳಿಗೆ ಇದು ಪುಸ್ತಕದಿಂದ ಬರುವುದು ಕಷ್ಟ. ಪುಸ್ತಕದಲ್ಲಿ ಎಲ್ಲ ವಾಕ್ಯವೂ ಒಂದೇ ಬಣ್ಣದ್ದು.

ಕನ್ನಡಕ ಬರುವ ಮೊದಲೇ ಶುರು ಮಾಡಬಹುದಾದ ಕೆಲಸವೂ ಇದೆ. ನಮ್ಮ ತೋಟಗಳ ನಡುವೆ ಹಾದುಹೋಗುವ ಕಡಂಗಗಳನ್ನು (ಹಿಂದಿನವರು ರಕ್ಷಣೆಗೆಂದು ತೋಡಿದ ಕಂದಕಗಳನ್ನು) ನಿಮ್ಮ ಎಷ್ಟೋ ವಿದ್ಯಾರ್ಥಿಗಳು ಸುಮ್ನೆ ದಾಟಿಕೊಂಡು ಓಡಾಡಿರುತ್ತಾರೆ. ಟೇಪು, ಹಗ್ಗ ಕೊಟ್ಟು ಒಂದನ್ನು ಅಳೆಯಲು ಹೇಳಿ. ಆಳ ಎಷ್ಟು, ತೆಗೆದ ಮಣ್ಣನ್ನು ಯಾವ ಬದಿಗೆ ಏರಿಸಿದ್ದಾರೆ? ಹಾಗಾದರೆ ಯಾರು ಯಾರನ್ನು ತಡೆಯುತ್ತಿದ್ದರು? ಒಂದು ಫೋಟೊದ ಭಾಗ ಮುಂದಿನದರಲ್ಲೂ ಸ್ವಲ್ಪ ಬರುವಂತೆ ಮೊಬೈಲಿನಲ್ಲಿ ಸಾಲಾಗಿ ಫೋಟೊ ತೆಗೆದರೆ, ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಅದರಿಂದ ತ್ರೀಡಿ ಮಾದರಿ ಮಾಡಿಕೊಡುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ನಮ್ಮ ಕೊಲ್ಲೆಕಲ್ಲುಗಳಿಗೂ (ಕೊಡಗಿನ ವೀರಗಲ್ಲುಗಳಿಗೂ) ಆ ಭಾಗ್ಯ ಬರಲಿ ಎಂಬುದು ನನ್ನ ದೊಡ್ಡ ಆಸೆ.

ಇನ್ನು ಪಾತ್ರ ವಹಿಸಿ ಕಲಿಯುವ ಕ್ರಮ. ಅಮೆರಿಕದ ಬಾರ್ನಾರ್ಡ್ ಕಾಲೇಜಿನಲ್ಲಿ ಮಾರ್ಕ್ ಕಾರ್ನ್ಸ್ 1990ರ ದಶಕದಲ್ಲಿ ಇದನ್ನು ಬೆಳೆಸಿದರು. ವಿದ್ಯಾರ್ಥಿಗಳು ಆ ಕಾಲದ ಬರಹ ಓದಿಕೊಂಡು, ಆ ಕಾಲದವರಾಗಿಯೇ ವಾದಿಸುತ್ತಾರೆ. ನಮಗೆ 1834ಕ್ಕಿಂತ ಒಳ್ಳೆಯ ವಿಷಯ ಬೇಕೇ? ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಇಳಿಸಿದ ಮೇಲೆ, ಜನರೆಲ್ಲರ ಒಮ್ಮತದ ಇಚ್ಛೆಯಿಂದಲೇ ಕೊಡಗನ್ನು ವಹಿಸಿಕೊಳ್ಳುತ್ತಿದ್ದೇವೆ ಎಂದು ಅವರ ಅಧಿಕಾರಿ ಕರ್ನಲ್ ಫ್ರೇಸರ್ ಘೋಷಣೆ ಹೊರಡಿಸಿದ. ಒಬ್ಬ ಫ್ರೇಸರ್ ಆಗಲಿ, ಒಬ್ಬ ದಿವಾನನಾಗಲಿ. ಇನ್ನೊಬ್ಬಳು ಆಗ ಕೊಡಗಿಗೆ ಸೇರಿದ್ದ ಅಮರಸುಳ್ಯದ ರೈತನ ಮನೆಯವಳಾಗಲಿ. ಬ್ರಿಟಿಷರು ಅವಳ ಸೀಮೆಯನ್ನು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯದಲ್ಲಿ ಕಟ್ಟುತ್ತಿದ್ದ ಕಂದಾಯವನ್ನು ಹಣದಲ್ಲೇ ಕಟ್ಟು ಅಂದರು. 1837ರಲ್ಲಿ ಜನ ದಂಗೆ ಎದ್ದರು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಆ ಒಮ್ಮತ ಯಾರದ್ದಾಗಿತ್ತು ಎಂದು ಅವಳು ಎದ್ದು ಕೇಳಲಿ.

ಒಂದು ಎಚ್ಚರಿಕೆ. ಅವರವರ ಮನೆತನ, ಜಾತಿ ನೋಡಿ ಪಾತ್ರ ಹಂಚಬೇಡಿ. ಟಿಪ್ಪು, ದಿವಾನರು ಎಂದ ಕೂಡಲೇ ಬಿಸಿಯಾಗುವ ಊರು ನಮ್ಮದು. ಚೀಟಿ ಎತ್ತಿಸಿ.

ಸಮಯದ ಚಿಂತೆಗೆ ನನ್ನ ಸಲಹೆ ಇಷ್ಟು: ಸೆಮಿಸ್ಟರಿಗೆ ಇವುಗಳಲ್ಲಿ ಒಂದೇ ಕೆಲಸ ಸಾಕು. ಅಂಕವನ್ನು ಮಾದರಿಯ ಅಂದಕ್ಕೆ ಕೊಡಬೇಡಿ. ಈ ಗೋಡೆಯನ್ನು ಇಲ್ಲೇ ಯಾಕೆ ಇಟ್ಟೆವು ಎಂದು ಅವರು ಬರೆಯುವ ಎರಡು ಪುಟಕ್ಕೆ ಕೊಡಿ. ಕಡಂಗಕ್ಕೆ ಹೋಗುವುದಾದರೆ ಮಳೆ ಪೂರ್ತಿ ನಿಂತಿರಲಿ. ಕಾಫಿ ಕೊಯ್ಲಿನ ಹೊತ್ತಿಗೆ ತೋಟದವರಿಗೆ ಪುರುಸೊತ್ತು ಇರುವುದಿಲ್ಲ, ಮೊದಲೇ ಮಾತಾಡಿಕೊಳ್ಳಿ. ಆನೆ ಓಡಾಟವಿದ್ದರೆ ಅರಣ್ಯ ಇಲಾಖೆಗೂ ತಿಳಿಸಿ. ಮಕ್ಕಳು ಬರೆದದ್ದರಲ್ಲಿ ಒಳ್ಳೆಯದನ್ನು ನಮಗೆ ಕಳಿಸಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ