ಆಗ ಅಜ್ಜಿಗೆ ಎಷ್ಟು ವಯಸ್ಸು?

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಂತಾನ ಚಿಕಿತ್ಸೆಗೆ ಬರುವವರೊಡನೆ ಮಾತನಾಡುವುದು ನನ್ನ ಕೆಲಸ. ಈ ಪ್ರಕರಣದ ಗಂಡ ಹೆಂಡತಿಯಂಥವರು ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ನನ್ನ ಮುಂದೆ ಬಂದು ಕೂರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆತ ಮಲೆನಾಡಿನ ಅಡಿಕೆ ಬೆಳೆಗಾರ, ವಯಸ್ಸು 45. ಆಕೆ ಪ್ರೌಢಶಾಲೆಯ ಶಿಕ್ಷಕಿ, 38. ತೋಟ, ಮನೆ ಎರಡೂ ಇದ್ದರೂ ಹಳ್ಳಿಯಲ್ಲಿ ಉಳಿದ ಗಂಡಿಗೆ ಹೆಣ್ಣು ಸಿಗದ ಕಾಲ ಇದು. ಮದುವೆಯ ಹೊತ್ತಿಗೆ ಆತನಿಗೆ ನಲವತ್ತು ದಾಟಿತ್ತು. ಆಕೆಗೆ ತಂಗಿಯರನ್ನು ದಡ ಸೇರಿಸುವ ಹೊಣೆಯಿತ್ತು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ.

ಆಕೆ ಮೇಜಿನ ಮೇಲಿಟ್ಟ ಫೈಲು ಎಷ್ಟು ದಪ್ಪವಿತ್ತೆಂದರೆ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಬೇಕಾಗಿತ್ತು. ಅದರ ಮೂಲೆಯಲ್ಲಿ ಕುಂಕುಮದ ಕಲೆ. ಯಾವ ವರದಿ ಬಂದರೂ ಅತ್ತೆ ಮೊದಲು ದೇವರ ಮುಂದಿಟ್ಟು ಆಮೇಲೆ ತೆಗೆಯಲು ಬಿಡುತ್ತಿದ್ದರಂತೆ. ಥೈರಾಯ್ಡ್, ಅಂಡಾಣುಗಳ ಸಂಗ್ರಹ ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ, ಗರ್ಭನಾಳದ ಎಕ್ಸ್‌ರೇ, ಒಂದರ ಹಿಂದೊಂದು ಸ್ಕ್ಯಾನಿಂಗ್. ಕುಕ್ಕೆಯಲ್ಲಿ ಮಾಡಿಸಿದ ಸರ್ಪಸಂಸ್ಕಾರದ ರಸೀದಿಯೂ ಅದರೊಳಗೇ ಇತ್ತು. ಗಂಡನ ಹೆಸರಿನ ಒಂದು ಹಾಳೆಯೂ ಇರಲಿಲ್ಲ.

ವೀರ್ಯ ಪರೀಕ್ಷೆ ಆಗಿಲ್ಲವೇ ಎಂದು ಕೇಳಿದೆ.

"ನನಗೆ ಅದರ ಅಗತ್ಯವಿಲ್ಲ ಮೇಡಂ. ನಮ್ಮ ಅಜ್ಜನಿಗೆ ಅರವತ್ತು ದಾಟಿದ ಮೇಲೆ ನಮ್ಮ ಸಣ್ಣ ಚಿಕ್ಕಪ್ಪ ಹುಟ್ಟಿದ್ದು. ನಮ್ಮ ಮನೆತನದ ಗಂಡಸರಿಗೆ ಆ ತೊಂದರೆ ಬಂದದ್ದೇ ಇಲ್ಲ."

ಅದುವರೆಗೆ ಹೂಂ, ಊಹೂಂ ಬಿಟ್ಟು ಬೇರೇನೂ ಹೇಳದಿದ್ದ ಆಕೆ ತಲೆಯೆತ್ತಿ, "ಆಗ ಅಜ್ಜಿಗೆ ಎಷ್ಟು ವಯಸ್ಸು?" ಎಂದು ಕೇಳಿದಳು.

ಆತ ತುಸು ಹೊತ್ತು ಲೆಕ್ಕ ಹಾಕಿದ. "ಅದು ಅಜ್ಜನಿಗೆ ಎರಡನೆಯ ಸಂಬಂಧ. ಅಜ್ಜಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದಿರಬೇಕು."

"ನನಗೆ ಮೂವತ್ತೆಂಟು."

ಇಲ್ಲಿಗೆ ಆತನಿಗೆ ಮನವರಿಕೆಯಾಯಿತು ಎಂದುಕೊಂಡೆ. ಆದರೆ ಆತ ನನ್ನ ಕಡೆ ತಿರುಗಿ, "ಹಾಗಾದರೆ ತೊಂದರೆ ಇವಳ ವಯಸ್ಸಿನದೇ ಆಯಿತಲ್ಲ ಮೇಡಂ?" ಎಂದ. ಆಕೆ ಫೈಲನ್ನು ತೊಡೆಯ ಮೇಲೆ ಎಳೆದುಕೊಂಡಳು. ನನ್ನನ್ನು ಈಗಲೂ ಕಾಡುವುದು ಆ ಗಳಿಗೆ. ಅರ್ಧ ಸತ್ಯವನ್ನು ಅಲ್ಲಿಗೇ ಬಿಟ್ಟಿದ್ದರೆ ಆಕೆ ಇನ್ನೊಂದು ಆಪಾದನೆ ಹೊತ್ತು ಮನೆಗೆ ಹೋಗುತ್ತಿದ್ದಳು. ಅದಕ್ಕಾಗಿ ಇಬ್ಬರ ಲೆಕ್ಕವನ್ನೂ ಬಿಡಿಸಿ ಹೇಳಿದೆ.

ಹೆಣ್ಣುಮಗು ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳೊಂದಿಗೆ ಹುಟ್ಟುತ್ತದೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಹೊಸದಾಗಿ ಒಂದೂ ಸೇರುವುದಿಲ್ಲ. ಗರ್ಭ ಧರಿಸುವ ಸಾಮರ್ಥ್ಯ 32ರ ಆಸುಪಾಸಿನಿಂದ ಮೆಲ್ಲಗೆ, 37ರ ನಂತರ ಬೇಗ ಬೇಗ ಇಳಿಯುತ್ತದೆ. ಆರೋಗ್ಯವಂತ ಹೆಣ್ಣಿಗೆ 30ರಲ್ಲಿ ಒಂದು ತಿಂಗಳ ಪ್ರಯತ್ನದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 20. 40ರಲ್ಲಿ ಅದು ಐದಕ್ಕಿಂತ ಕಡಿಮೆ. ಎಎಂಎಚ್ ಚೆನ್ನಾಗಿದೆ ಎಂದು ಅನೇಕರು ನಿಶ್ಚಿಂತರಾಗುತ್ತಾರೆ. ಅದು ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆ. ಅವುಗಳ ಗುಣಮಟ್ಟ ಹೇಗಿದೆ ಎಂದು ಹೇಳಲಾರದು.

ಗಂಡಸಿನಲ್ಲಿ ವೀರ್ಯಾಣು ದಿನವೂ ಹೊಸದಾಗಿ ತಯಾರಾಗುತ್ತದೆ, ನಿಜ. ಆದರೆ ತಯಾರಿಸುವ ಶರೀರಕ್ಕೆ ವಯಸ್ಸಾಗುತ್ತದೆ. ನಲವತ್ತು ದಾಟಿದಂತೆ ವೀರ್ಯದ ಪ್ರಮಾಣವೂ ವೀರ್ಯಾಣುಗಳ ಚಲನೆಯೂ ತಗ್ಗುತ್ತವೆ. ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿನಲ್ಲಿ ಸುಮಾರು ಎರಡು ಹೊಸ ವಂಶವಾಹಿ ಬದಲಾವಣೆಗಳು ಹೆಚ್ಚುತ್ತವೆ. ಬಹುಪಾಲು ನಿರಪಾಯಕಾರಿ, ಎಲ್ಲವೂ ಅಲ್ಲ. ಗರ್ಭಪಾತದ ಸಂಭವವೂ ಏರುತ್ತದೆ. ಹೆಂಡತಿಗೆ ಇಪ್ಪತ್ತೆರಡಿದ್ದರೆ ಗಂಡನ ವಯಸ್ಸಿನಿಂದಾದ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಆಕೆಗೂ ಮೂವತ್ತೈದು ದಾಟಿದ್ದರೆ ಎರಡೂ ಕೂಡಿಕೊಳ್ಳುತ್ತವೆ. "ನಿಮ್ಮ ಅಜ್ಜನ ವಯಸ್ಸನ್ನು ಅಜ್ಜಿಯ ವಯಸ್ಸು ತಡೆದುಕೊಂಡಿತು," ಎಂದೆ.

ಸಲಹೆ ನೇರವಾಗಿತ್ತು. ಈ ವಾರವೇ ಆತನ ಪರೀಕ್ಷೆ ಆಗಬೇಕು. ಎರಡರಿಂದ ಏಳು ದಿನ ವೀರ್ಯಸ್ಖಲನವಾಗದಂತೆ ಸಂಯಮದಿಂದಿದ್ದು ಮಾದರಿ ಕೊಟ್ಟರೆ ಸಾಕು. ಸೂಜಿ ಇಲ್ಲ, ಅರಿವಳಿಕೆ ಇಲ್ಲ, ಖರ್ಚೂ ಕಡಿಮೆ. ಆತ ಹಾಕುವ ಎಲೆಯಡಿಕೆಯ ಕವಳದ ಜೊತೆಗಿನ ಹೊಗೆಸೊಪ್ಪು ಅಂದೇ ನಿಲ್ಲಬೇಕು. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕಾದ್ದರಿಂದ ಅದರ ಫಲ ತಡವಾಗಿ ಕಾಣುತ್ತದೆ. ಆದರೆ ಅದಕ್ಕಾಗಿ ಆಕೆಯ ಚಿಕಿತ್ಸೆ ಕಾಯಬಾರದು. ಎಷ್ಟು ಬಾರಿ ಪ್ರಯತ್ನ, ಎಷ್ಟು ಹಣ ಎಂಬುದನ್ನು ಮೊದಲೇ ಇಬ್ಬರೂ ಕೂತು ತೀರ್ಮಾನಿಸಬೇಕು. ಅತ್ತೆಗೆ ವಿಷಯ ತಿಳಿಸುವವನು ಮಗನೇ ಆಗಬೇಕು, ಸೊಸೆಯಲ್ಲ.

ಮೂವತ್ತೆಂಟರ ಹೆಣ್ಣಿನ ಮುಂದೆ ಅಂಕಿಗಳನ್ನು ಇಡುವುದು ನಿಷ್ಠುರವಲ್ಲವೇ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. "ದೇವರಿದ್ದಾನೆ, ಇನ್ನೂ ಸಮಯವಿದೆ" ಎಂಬ ಮೆದುಮಾತಿನಲ್ಲೇ ಆಕೆಯ ನಾಲ್ಕು ವರ್ಷ ಕಳೆದಿದ್ದವು. ಮೂವತ್ತೈದರೊಳಗಿನವರು ಒಂದು ವರ್ಷ ಪ್ರಯತ್ನಿಸಿ ಬರಬಹುದು, ಮೂವತ್ತೈದು ದಾಟಿದವರು ಆರು ತಿಂಗಳಿಗೇ ಬರಬೇಕು, ನಲವತ್ತಾದವರು ಕಾಯಲೇಬಾರದು ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. 2021ರ ಕಾನೂನು ಪ್ರಣಾಳ ಶಿಶುವಿನಂಥ (ಐವಿಎಫ್) ಸಂತಾನ ಚಿಕಿತ್ಸೆಗೆ ಹೆಣ್ಣಿಗೆ 50, ಗಂಡಿಗೆ 55 ವರ್ಷದ ಮಿತಿ ಹಾಕಿದೆ. ಅದನ್ನು ಓದಿ ಇನ್ನೂ ಹನ್ನೆರಡು ವರ್ಷ ಇದೆ ಎಂದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಆಸ್ಪತ್ರೆಗೆ ಹಾಕಿದ ಗೆರೆ. ಅಂಡಾಶಯ ಕೊಟ್ಟ ಮಾತಲ್ಲ.

ಆತನ ವರದಿಯಲ್ಲಿ ವೀರ್ಯಾಣುಗಳ ಚಲನೆ ಕಡಿಮೆ ಇತ್ತು. ಚಿಕಿತ್ಸೆ ಸಾಗಿದೆ, ಮೊದಲ ಪ್ರಯತ್ನ ಕೈಗೂಡಲಿಲ್ಲ. ಕಳೆದ ಸಲ ಬಂದಾಗ ಆತ ಅಡಿಕೆ ಮಂಡಿಯ ಹೆಸರಿದ್ದ ಬಟ್ಟೆಯ ಚೀಲದಿಂದ ತನ್ನದೇ ಫೈಲೊಂದನ್ನು ತೆಗೆದು ಆಕೆಯ ಫೈಲಿನ ಪಕ್ಕದಲ್ಲಿಟ್ಟ. ಅದರ ಮೇಲೂ ಕುಂಕುಮವಿತ್ತು.