ನಡೆಯಲು ನೆನಪಿಸುವ ಮೊಬೈಲ್ ಸಂದೇಶದ ಪರಿಣಾಮ ದಿನಕಳೆದಂತೆ ಬದಲಾಗುವುದನ್ನು ಹೇಗೆ ಅಳೆಯುತ್ತಾರೆ?

ಸಂದೇಶ ಕಳಿಸಬೇಕೇ ಬೇಡವೇ ಎಂಬುದನ್ನು ಪ್ರತಿಯೊಬ್ಬರಿಗೂ ದಿನಕ್ಕೆ ಹಲವು ಬಾರಿ, ಚೀಟಿ ಎತ್ತಿದಂತೆ, ಯಾದೃಚ್ಛಿಕವಾಗಿ ನಿರ್ಧರಿಸಿ, ಕಳಿಸಿದ ಮತ್ತು ಕಳಿಸದ ಗಳಿಗೆಗಳ ನಂತರದ ಹೆಜ್ಜೆಗಳ ವ್ಯತ್ಯಾಸವು ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಎಂದು ಅಂದಾಜಿಸುತ್ತಾರೆ. ಅಮೆರಿಕದ ಹಾರ್ಟ್‌ಸ್ಟೆಪ್ಸ್ ಅಧ್ಯಯನದಲ್ಲಿ 6 ವಾರ, ದಿನಕ್ಕೆ 5 ಬಾರಿ ಹೀಗೆ ಮಾಡಿ ಮುಂದಿನ 30 ನಿಮಿಷಗಳ ಹೆಜ್ಜೆಗಳನ್ನು ಎಣಿಸಿದಾಗ, ಆರಂಭದಲ್ಲಿ ಕಂಡ ಪರಿಣಾಮ ಬರಬರುತ್ತಾ ಕುಗ್ಗಿತು.

ಚೀಟಿಯ ಅಗತ್ಯವೇನು? ತೀರ್ಥಹಳ್ಳಿಯಲ್ಲಿ ಆಷಾಢದ ಮಳೆ ಹಿಡಿದ ಸಂಜೆ ಯಾರೂ ನಡೆಯಲು ಹೊರಡರು. ಆ್ಯಪ್ ಹೊಳವಾದಾಗಲೇ ಹೆಚ್ಚು ಸಂದೇಶ ಕಳಿಸಿದರೆ ಹೊಳವಿನ ಫಲವೂ ಸಂದೇಶದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಕಳಿಸುವ ಸಂಭವನೀಯತೆ ಗಳಿಗೆಯಿಂದ ಗಳಿಗೆಗೆ ಬದಲಾಗುವಲ್ಲಿ ತಕ್ಕ ತೂಕ ಕೊಟ್ಟು ಮೊದಲು ಸಮಗೊಳಿಸುತ್ತಾರೆ. ಬಳಿಕ ಕಳಿಸಿದ್ದಕ್ಕೆ 1, ಕಳಿಸದ್ದಕ್ಕೆ 0 ಎಂದಿಟ್ಟು ಅದರಿಂದ ಹಾಗೆ ಸಮಗೊಳಿಸಿದ ಸಂಭವನೀಯತೆಯನ್ನು ಕಳೆಯುತ್ತಾರೆ, ಅದು 0.6 ಆಗಿದ್ದರೆ 0.4 ಮತ್ತು −0.6 ಉಳಿಯುತ್ತವೆ. ಈ ಸರಳ ಕಳೆಯುವಿಕೆಯೇ ವಿಧಾನದ ಜೀವಾಳ ಎನ್ನಬಹುದು, ಏಕೆಂದರೆ ಮಳೆ, ದಣಿವು, ಅಭ್ಯಾಸಗಳು ಹೆಜ್ಜೆಗಳನ್ನು ಹೇಗೆ ಬದಲಿಸುತ್ತವೆ ಎಂಬ ನಮ್ಮ ಊಹೆ ತಪ್ಪಿದ್ದರೂ ಸಂದೇಶದ ಪರಿಣಾಮದ ಅಂದಾಜು ಓರೆಯಾಗುವುದಿಲ್ಲ. ವಾಹನ ಓಡಿಸುತ್ತಿರುವ ಗಳಿಗೆಗಳಲ್ಲಿ ಸಂದೇಶ ಕಳಿಸಲಾಗದು. ಅವನ್ನು ಹೋಲಿಕೆಯಿಂದ ಬಿಡುತ್ತಾರೆ.